ಫಿಲೊಮೆನಾ ಅವರ ಮನೆಯಲ್ಲಿ ದಿನವೂ ಶುಕ್ರವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಅದು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅವ್ವ ಹೇಳುತ್ತಾಳೆ. ಗಂಡ ಹೇಳುವುದಿಲ್ಲ, ಎದ್ದು ಹೊರಗೆ ಹೋಗಿ ನಿಲ್ಲುತ್ತಾನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಯಾಕೆಂದರೆ ನಾನು ಬರೆಯಹೊರಟಿರುವುದು ಪರದೇಶದಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡು ನಾಲ್ಕು ತಿಂಗಳು ಉಣ್ಣಿಸಿದ ಒಬ್ಬ ಇಟಾಲಿಯನ್ ಮುದುಕಿಯ ಬಗ್ಗೆ, ಮತ್ತು ಅವರ ಊಟದ ಮೇಲೆ ನಾನು ಮುನಿಸಿಕೊಂಡು ಕೂತ ನಾಲ್ಕು ದಿನಗಳ ಬಗ್ಗೆ. ಈಗ ನ್ಯೂಜಿಲೆಂಡಿನ ಅಪ್ಪರ್ ಹಟ್‌ನಲ್ಲಿ ನಮ್ಮದೇ ಮನೆಯಿದೆ. ಗಂಡ, ಮಗಳು ಇಬ್ಬರೂ ಬಂದಿದ್ದಾರೆ. ಜೋಳದ ಹಿಟ್ಟೂ ಸಿಗುತ್ತದೆ. ಆದರೂ ಹಸಿವಾದಾಗ ನನಗೆ ಮೊದಲು ನೆನಪಾಗುವುದು ಪೊರಿರುವಾದ ಗುಡ್ಡದ ಮೇಲಿನ ಆ ಮನೆ.

ಅವರ ಹೆಸರು ಫಿಲೊಮೆನಾ. ಮೈಸೂರಿನ ದೊಡ್ಡ ಚರ್ಚಿಗೂ ಅದೇ ಹೆಸರು ಎಂದು ನಾನು ಹೇಳಿದಾಗ ಅವರಿಗಾದ ಖುಷಿ ಅಷ್ಟಿಷ್ಟಲ್ಲ. ಇಂಡಿಯಾದಲ್ಲಿ ತನ್ನ ಹೆಸರಿನ ಚರ್ಚು ಕಟ್ಟಿದ್ದಾರೆಂದು ವಾರವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು. ಆಗ ಅವರಿಗೆ ಎಪ್ಪತ್ತನಾಲ್ಕು. ಕುಳ್ಳು, ಗಟ್ಟಿಮುಟ್ಟು. ತೀರಿಹೋದ ಗಂಡನ ಉಣ್ಣೆಯ ಕೋಟು ತೊಟ್ಟು, ಕಾಲಿಗೆ ರಬ್ಬರ್ ಬೂಟು ಏರಿಸಿ, ಬೆಳಗ್ಗೆಯೇ ಹಿತ್ತಲಿನ ಇಳಿಜಾರಿನಲ್ಲಿ ಬದನೆ ಗಿಡಗಳನ್ನು ಬೈಯುತ್ತ ನಿಂತಿರುತ್ತಿದ್ದರು. ಗಿಡಗಳನ್ನು ಬೈದರೆ ಚೆನ್ನಾಗಿ ಕಾಯಿ ಬಿಡುತ್ತವೆ ಎಂಬುದು ಅವರ ನಂಬಿಕೆ. ಹುಟ್ಟಿದ್ದು ನೇಪಲ್ಸ್ ಊರಿನ ಆಚೆ, ಸಮುದ್ರದಂಚಿನ ಒಂದು ಹಳ್ಳಿಯಲ್ಲಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆರು ವಾರ ಹಡಗಿನಲ್ಲಿ ಕೂತು, ಅದಕ್ಕೂ ಮೊದಲು ಎರಡೇ ಎರಡು ಸಲ ನೋಡಿದ್ದ ಗೇತಾನೊ ಎಂಬ ಮೀನುಗಾರನನ್ನು ಮದುವೆಯಾಗಲು ವೆಲ್ಲಿಂಗ್ಟನ್ನಿಗೆ ಬಂದರು. ಹಡಗಿನಿಂದ ಇಳಿದಾಗ ಗಾಳಿಗೆ ಟೋಪಿ ಹಾರಿಹೋಯಿತಂತೆ. "ಮರದಿವಸನ ವಾಪಸ್ ಹೊಂಟಿದ್ದೆ, ಹಡಗ ಇರಲಿಲ್ಲ," ಎಂದು ನಗುತ್ತಿದ್ದರು. ಗಂಡ ಕಡಲಿಗೆ ಹೋದ. ಇವರು ಹತ್ತೊಂಬತ್ತು ವರ್ಷ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೋಟುಗಳಿಗೆ ಗುಂಡಿ ಮನೆ ಹೊಲಿದರು. ಇಬ್ಬರು ಮಕ್ಕಳು. ಮಗ ನಿನೊ ಅಪ್ಪನಂತೆ ದೋಣಿ ಹಿಡಿದ. ಮಗಳು ರೋಸಾ ಬ್ಯಾಂಕಿನಲ್ಲಿದ್ದಾಳೆ. ಇಬ್ಬರ ಮನೆಯೂ ಹತ್ತಿರದಲ್ಲೇ. ಗೇತಾನೊ ಹೋಗಿ ಆಗಲೇ ಒಂಬತ್ತು ವರ್ಷವಾಗಿತ್ತು.

ನಾನು ಅಲ್ಲಿಗೆ ಹೋದದ್ದು ೨೦೦೬ರ ಫೆಬ್ರವರಿಯ ಕೊನೆಯಲ್ಲಿ. ಹುಬ್ಬಳ್ಳಿಯಲ್ಲಿ ಹತ್ತು ವರ್ಷ ನರ್ಸ್ ಆಗಿದ್ದರೂ ನ್ಯೂಜಿಲೆಂಡಿನಲ್ಲಿ ಕೆಲಸ ಮಾಡಬೇಕಾದರೆ ಮೂರು ತಿಂಗಳ ತರಬೇತಿ ಮುಗಿಸಿ, ಆಮೇಲೆ ನೋಂದಣಿ ಪತ್ರಕ್ಕೆ ಕಾಯಬೇಕಿತ್ತು. ಆರು ವರ್ಷದ ಮಗಳನ್ನು ಗಂಡನ ಬಳಿ ಬಿಟ್ಟು ಒಬ್ಬಳೇ ಬಂದಿದ್ದೆ. ನನ್ನ ಹಿಂದಿನ ವರ್ಷ ಬಂದಿದ್ದ ಮಂಗಳೂರಿನ ಲವಿನಾ ಎಂಬ ನರ್ಸ್ ನನಗೆ ಮನೆ ಹುಡುಕಲು ಹೊರಟು, ತನ್ನ ಚರ್ಚಿನಲ್ಲಿ ವಿಚಾರಿಸಿದಳು. ಎರಡನೆಯ ಬೆಂಚಿನಿಂದ ಫಿಲೊಮೆನಾ ಕೈ ಎತ್ತಿದರಂತೆ. ನಾಲ್ಕು ಕೋಣೆಯ ಮನೆ, ಹುಡುಗಿ ಅತಿಥಿಯಾಗಿ ಬಂದು ಇರಲಿ, ಬೇರೆ ಮಾತು ಬೇಡ, ಎಂದರಂತೆ. ನಾನು ಹುಡುಗಿಯೇನಲ್ಲ, ಮೂವತ್ತನಾಲ್ಕು ದಾಟಿತ್ತು. ಅವರಿಗೆ ಮಾತ್ರ ಕೊನೆಯವರೆಗೂ ಹುಡುಗಿಯೇ.

ಐವತ್ತು ವರ್ಷ ಈ ದೇಶದಲ್ಲಿದ್ದರೂ ಅವರ ಇಂಗ್ಲಿಷ್ ಅರ್ಧ ಇಟಾಲಿಯನ್ ಆಗಿಯೇ ಉಳಿದಿತ್ತು. ನನ್ನ ಇಂಗ್ಲಿಷ್ ಗದಗಿನದು. ನಾವಿಬ್ಬರೂ ಆಡುತ್ತಿದ್ದುದು ಇಂಗ್ಲಿಷ್ ಎಂಬುದು ಹೆಸರಿಗೆ ಮಾತ್ರ. ಆದ್ದರಿಂದ ಅವರ ಮಾತನ್ನು ನಾನು ನಮ್ಮೂರ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳುತ್ತಿತ್ತು.

ಮೊದಲ ದಿನ ಚೀಲ ಕೆಳಗಿಡುವ ಮೊದಲೇ ನಾನು ಊಟದ ವಿಷಯ ಎತ್ತಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ನಮ್ಮ ಮನೆಯಲ್ಲಿ ಕೇಕು ತರುವಾಗ ಕೂಡ ಮೊಟ್ಟೆ ಇದೆಯೋ ಇಲ್ಲವೋ ಎಂದು ಅಂಗಡಿಯವನ ಜೀವ ತಿನ್ನುತ್ತೇವೆ. ಅವರೆದುರು ಬೆರಳು ಮಡಚಿ ಎಣಿಸಿ ಹೇಳಿದೆ.

"ಆಂಟಿ, ನಾ ಮಾಂಸ ತಿನ್ನಂಗಿಲ್ರಿ. ಕೋಳಿ ತಿನ್ನಂಗಿಲ್ಲ. ತತ್ತಿ ತಿನ್ನಂಗಿಲ್ಲ. ನನ್ನ ಅಡಗಿ ನಾನ ಮಾಡ್ಕೋತೀನಿ, ನಿಮಗ ತ್ರಾಸ ಬ್ಯಾಡ."

ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಮೂರು ಬೆರಳು. ಆಮೇಲೆ ಮುಖ ಅರಳಿತು.

"ಅಂದ್ರ ಶುಕ್ರವಾರ!" ಎಂದರು. "ನಮ್ಮ ಅವ್ವ ಪ್ರತಿ ಶುಕ್ರವಾರ ಹಿಂಗ ಮಾಡ್ತಿದ್ಲು. ಯೇಸು ತೀರಿಕೊಂಡ ವಾರ ಅದು. ನಿನಗ ದಿನಾ ಶುಕ್ರವಾರ, ಅಷ್ಟ ಹೌದಿಲ್ಲೊ? ಅದೇನ್ ದೊಡ್ಡ ಮಾತವಾ! ನನ್ನ ಒಲಿ ಮ್ಯಾಲ ನೀ ಅಡಗಿ ಮಾಡೂದು ಬ್ಯಾಡ. ಅತಿಥಿ ನೀ."

ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡರು ಎಂದು ನಾನು ಹಿಗ್ಗಿದೆ. ದಿನಾ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದೆ. ಅದಕ್ಕೂ ಸರಿ ಎಂದರು. ಮರುದಿನದಿಂದ ನಾನು ಪೂಜೆ ಮುಗಿಸಿ ಕೋಣೆಯ ಬಾಗಿಲು ತೆರೆಯುವವರೆಗೆ ಅವರು ಕಾಫಿಯ ಪಾತ್ರೆಯನ್ನು ಒಲೆಗೇ ಏರಿಸುತ್ತಿರಲಿಲ್ಲ.

ಆ ಮೊದಲ ಊಟದಲ್ಲಿ ನಾನು ಮಾಡಿಕೊಂಡ ಎಡವಟ್ಟು ಹೇಳಲೇಬೇಕು. ಆಳವಾದ ತಟ್ಟೆಯ ತುಂಬ ಪಾಸ್ತಾ ಬಂತು. ಮೇಲೆ ಕೆಂಪಗೆ ಟೊಮೆಟೊ ಗೊಜ್ಜು, ತುಳಸಿಯಂಥದೇ ಒಂದು ಎಲೆ. ಬಾಯಿಗಿಟ್ಟರೆ ಹುಳಿ, ಸಿಹಿ, ಉಪ್ಪು, ಎಲ್ಲದರ ಕೆಳಗೆ ಹೆಸರಿಲ್ಲದ ಇನ್ನೊಂದು ರುಚಿ. ಎರಡು ದಿನದ ವಿಮಾನದ ಹಸಿವು ಬೇರೆ. ಎರಡು ಸಲ ಬಡಿಸಿಕೊಂಡು, ರೊಟ್ಟಿ ಮುರಿದಂತೆ ಬ್ರೆಡ್ಡು ಮುರಿದು ತಟ್ಟೆ ಒರೆಸಿ ತಿಂದು, ತೃಪ್ತಿಯಿಂದ ಕೈ ತೊಳೆಯಲು ಎದ್ದೆ. "ಎಲ್ಲಿಗೆ ಹೊಂಟಿ? ಕೂಡು. ಊಟ ಈಗ ಬರ್ತೈತಿ," ಎಂದರು ಫಿಲೊಮೆನಾ. ಅದುವರೆಗೆ ತಿಂದದ್ದು ಊಟದ ಪೀಠಿಕೆಯಂತೆ! ಆಮೇಲೆ ಬದನೆಕಾಯಿ ಬಂತು, ಪದರಪದರವಾಗಿ, ಚೀಸು ಕರಗಿ. ಎಣಗಾಯಿ ತಿಂದು ಬೆಳೆದ ಹೆಣ್ಣುಮಗಳ ಎದುರು ಬದನೆಕಾಯಿ ಇಟ್ಟರೆ ಹೊಟ್ಟೆ ತುಂಬಿದೆ ಎನ್ನಲು ಬಾಯಿ ಬರುತ್ತದೆಯೇ? ತಿಂದೆ. ಸಂಜೆಯವರೆಗೆ ಸೋಫಾದ ಮೇಲೆ ಉಸಿರು ಬಿಡುತ್ತ ಕೂತಿದ್ದೆ. ಅವರು ಮಾತ್ರ ಏನೂ ಆಗದವರಂತೆ ಹಿತ್ತಲಿಗೆ ಹೋಗಿ ಗಿಡಗಳಿಗೆ ಬೈಗುಳ ಶುರುಮಾಡಿದರು.

ಹೀಗೆ ದಿನಗಳು ಉರುಳಿದವು. ಆಸ್ಪತ್ರೆಯಲ್ಲಿ ದಿನವಿಡೀ ಪರೀಕ್ಷೆಗೆ ಕೂತಂತೆ ಇರುತ್ತಿತ್ತು. ಹತ್ತು ವರ್ಷ ಕೈ ಪಳಗಿದ ಕೆಲಸವನ್ನು ಮೊದಲಿನಿಂದ ಕಲಿಯುವವಳಂತೆ ಮಾಡಿ ತೋರಿಸಬೇಕು. ನನಗಿಂತ ಹತ್ತು ವರ್ಷ ಚಿಕ್ಕವರು ಪಕ್ಕದಲ್ಲಿ ನಿಂತು ಕಾಗದದ ಮೇಲೆ ಟಿಕ್ ಹಾಕಬೇಕು. ಮಗಳ ಧ್ವನಿಯನ್ನು ಫೋನ್ ಕಾರ್ಡಿನ ನಿಮಿಷಗಳಲ್ಲಿ ಕೇಳಬೇಕು. ರೈಲಿಳಿದು ಗುಡ್ಡ ಹತ್ತುವಾಗ ಕಾಲು ಭಾರವಾಗುತ್ತಿತ್ತು. ಆದರೆ ತಿರುವಿನಲ್ಲಿ ಆ ಮನೆಯ ಒಗ್ಗರಣೆಯ ವಾಸನೆ ಬಂದದ್ದೇ ತಡ, ಹೆಜ್ಜೆ ತಾನಾಗಿ ಬೇಗಬೇಗ ಬೀಳುತ್ತಿತ್ತು. ಒಂದು ದಿನ ಬಟಾಣಿ, ಒಂದು ದಿನ ಅವರೆಯಂಥ ಬಿಳಿ ಕಾಳು, ಒಂದು ದಿನ ಕುಂಬಳದ ಹೂ. ಏನೇ ಇದ್ದರೂ ಜೊತೆಗೆ ಆ ಕೆಂಪು ಗೊಜ್ಜು. ನನ್ನ ಕೊರಗನ್ನೆಲ್ಲ ಆ ಗೊಜ್ಜಿನಲ್ಲೇ ಅದ್ದಿ ನುಂಗುತ್ತಿದ್ದೆ. ನನ್ನ ಸ್ವಂತ ಅವ್ವನ ಕೈಯೂಟದ ನಂತರ ಇಷ್ಟು ನೆಮ್ಮದಿಯಿಂದ ನಾನು ಎಲ್ಲಿಯೂ ಉಂಡಿರಲಿಲ್ಲ. ಇದನ್ನು ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ಆ ಗೊಜ್ಜಿನಲ್ಲಿ ಏನಿದೆ ಎಂದು ನನಗೆ ಗೊತ್ತೇ ಇತ್ತು. ಯಾಕೆಂದರೆ ಮಾರ್ಚಿ ತಿಂಗಳ ಒಂದು ಶನಿವಾರ ಅದನ್ನು ಮಾಡಲು ನಾನೂ ಕೈ ಹಚ್ಚಿದ್ದೆ. ನಿನೊ ತನ್ನ ಯೂಟ್ ಗಾಡಿಯ ತುಂಬ ಟೊಮೆಟೊ ಪೆಟ್ಟಿಗೆ ತಂದು ಗ್ಯಾರೇಜಿನಲ್ಲಿ ಇಳಿಸಿದ. ಮನೆಯವರೆಲ್ಲ ಸೇರಿ, ನಾವು ಶಾವಿಗೆ ಹೊಸೆಯಲು ಕೂರುತ್ತೇವಲ್ಲ ಹಾಗೆ ಸಾಲಾಗಿ ಕೂತು, ಹಣ್ಣು ಬೇಯಿಸಿ, ತಿರುವಿ, ಹಳೆಯ ಬಿಯರ್ ಬಾಟಲಿಗಳಿಗೆ ತುಂಬಿದೆವು. ಬಾಟಲಿಗೊಂದು ಎಲೆ ಹಾಕುವ ಕೆಲಸ ನನ್ನದು. ವರ್ಷಕ್ಕಾಗುವಷ್ಟು ರಸ. ಟೊಮೆಟೊ, ಎಲೆ, ಬೇರೇನಿಲ್ಲ. ನನ್ನ ಕಣ್ಣಾರೆ ಕಂಡದ್ದು. ಗ್ಯಾರೇಜಿನ ಮೂಲೆಯಲ್ಲಿ ಒಂದು ಭರಣಿ, ಅದರ ಬಾಯಿಯ ಮೇಲೆ ಭಾರಕ್ಕೆ ಕಲ್ಲು. ಇವರೂ ನಮ್ಮಂತೆಯೇ ಉಪ್ಪಿನಕಾಯಿ ಹಾಕುತ್ತಾರಲ್ಲ ಎಂದು ಮೆಚ್ಚಿಕೊಂಡೆ. ಅದರಲ್ಲಿ ಏನಿದೆಯೆಂದು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಭಾನುವಾರದ ಮಧ್ಯಾಹ್ನದ ಊಟಕ್ಕೆ ನಿನೊ ಮತ್ತು ರೋಸಾ ತಮ್ಮ ತಮ್ಮ ಸಂಸಾರದೊಂದಿಗೆ ತಪ್ಪದೆ ಬರುತ್ತಿದ್ದರು. ಮೇ ತಿಂಗಳ ಒಂದು ಭಾನುವಾರ ಫಿಲೊಮೆನಾ ಲವಿನಾಳನ್ನೂ ಕರೆದರು. ಅವಳು ನನ್ನ ಪಕ್ಕದಲ್ಲೇ ಕೂತಳು. ಪಾಸ್ತಾದ ಮೊದಲ ತುತ್ತಿಗೇ ಕಣ್ಣು ಮುಚ್ಚಿದಳು. ಆಮೇಲೆ ಕನ್ನಡದಲ್ಲಿ, ಬೇರೆಯವರಿಗೆ ತಿಳಿಯದೆಂಬ ಧೈರ್ಯದಲ್ಲಿ, ಹೇಳಿದಳು.

"ಎಂಥಾ ರುಚಿ ಅಲ್ವಾ! ಉಪ್ಪುಮೀನು ಹಾಕಿದ್ದಾರೆ ನೋಡು, ಅದರದ್ದೇ ಇದು. ನೀನು ಮೀನು ತಿನ್ನಲಿಕ್ಕೆ ಶುರು ಮಾಡಿದ್ದು ನನಗೆ ಹೇಳಲೇ ಇಲ್ಲ ಮಾರಾಯ್ತಿ!"

"ಯಾವ ಮೀನ?" ಎಂದೆ.

ಅವಳು ಫಿಲೊಮೆನಾ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟಳು. ತನ್ನ ಕೈಗುಣವನ್ನು ಒಬ್ಬರು ಗುರುತಿಸಿದರೆಂದು ಮುದುಕಿಯ ಮುಖ ಊರಗಲವಾಯಿತು. "ಅಂಚೊವಿ! ಸಣ್ಣ ಮೀನ. ನಿನೊ ತರ್ತಾನ, ನಾ ಉಪ್ಪಿನಾಗ ಹಾಕಿ ಕಲ್ಲ ಹೇರ್ತೀನಿ. ಎಣ್ಣಿ ಕಾದ ಕೂಡ್ಲೆ ಮೂರ ಮೀನ. ಮೂರ ನಿಮಿಷದಾಗ ಕರಗಿ ಹೋಗ್ತಾವ. ಕಣ್ಣಿಗೆ ಬೀಳಬಾರದು, ಬಿದ್ರ ಅಡಗಿ ಕೆಟ್ಟಂಗ. ನಮ್ಮ ಅವ್ವ ಹೇಳಿಕೊಟ್ಟಿದ್ದು. ಗೇತಾನೊ ಇದಿಲ್ಲದ ಉಣ್ತಿರಲಿಲ್ಲ."

ನನ್ನ ತಟ್ಟೆಯಲ್ಲಿ ಎರಡನೆಯ ಸಲ ಬಡಿಸಿಕೊಂಡ ಪಾಸ್ತಾ ಇತ್ತು. ಆಗ ನನಗೆ ಎಲ್ಲ ಹೊಳೆಯಿತು. ಮಾಂಸ, ಕೋಳಿ, ತತ್ತಿ ಎಂದು ಮೂರು ಬೆರಳು ಮಡಚಿದ್ದೆ. ಗದಗಿನವಳ ಬಾಯಲ್ಲಿ ಮೀನಿನ ಹೆಸರು ಯಾಕೆ ಬರಬೇಕು? ನಮ್ಮ ಕಡೆ ಬೇಡವೆನ್ನಲಿಕ್ಕಾದರೂ ಮೀನು ನೆನಪಾಗುವುದಿಲ್ಲ. ಅವರ ಶುಕ್ರವಾರವೆಂದರೆ ಮಾಂಸ ಬಿಟ್ಟು ಮೀನು ತಿನ್ನುವ ವಾರ. ನಾನು ಬೇಡವೆಂದ ಮೂರನ್ನೂ ಅವರು ಚಾಚೂ ತಪ್ಪದೆ ದೂರವಿಟ್ಟಿದ್ದರು. ಮೂರು ತಿಂಗಳು, ದಿನಕ್ಕೆ ಮೂರು ಮೀನು.

ನನ್ನ ಮುಖ ನೋಡಿ ಲವಿನಾಳಿಗೆ ಅರ್ಥವಾಯಿತು. ಏನೋ ಹೇಳಲು ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಕೈಯನ್ನು ಹಿಡಿದು ಹಿಸುಕಿದೆ. ಹೊಟ್ಟೆ ಸರಿಯಿಲ್ಲ ಎಂದು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಐದಾರು ಸಲ ಬಾಯಿ ಮುಕ್ಕಳಿಸಿದೆ. ವಿಭೂತಿ ಹಚ್ಚಿಕೊಂಡೆ. ಲಿಂಗವನ್ನು ಕೈಗೆ ತೆಗೆದುಕೊಳ್ಳಲು ಕೈ ಮುಂದಾಗಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು. ಅಳು ಬರಬೇಕಿತ್ತು, ನನಗೆ ಸಿಟ್ಟು ಬಂತು. ನನ್ನ ಮೇಲೆ ಬರಬೇಕಾದ ಸಿಟ್ಟು, ಆ ಮುದುಕಿಯ ಮೇಲೆ ಬಂತು. ಮೀನು ತಿನ್ನುತ್ತೀಯಾ ಎಂದು ಒಂದು ಮಾತು ಕೇಳಬಾರದಿತ್ತೆ? ಇಷ್ಟು ವರ್ಷ ಬದುಕಿದವರಿಗೆ ಅಷ್ಟೂ ತಿಳಿಯುವುದಿಲ್ಲವೆ? ಹೀಗೆ ಒಳಗೇ ಜಗಳ ಮಾಡುತ್ತ ಕೂತೆ. ಜಗಳವಾಡಲು ಎದುರಿಗೆ ಯಾರೂ ಇಲ್ಲದಿದ್ದರೆ ನಾನು ಗೆಲ್ಲುವುದು ಸುಲಭ.

ಮರುದಿನದಿಂದ ಆಸ್ಪತ್ರೆಯಲ್ಲೇ ಉಂಡು ಬಂದೆ ಎಂದು ಸುಳ್ಳು ಹೇಳತೊಡಗಿದೆ. ಇಲ್ಲಿಯವರು ಡೇರಿ ಎನ್ನುವ ಮೂಲೆಯ ಕಿರಾಣಿ ಅಂಗಡಿಯಲ್ಲಿ ಬಾಳೆಹಣ್ಣು, ಬ್ರೆಡ್ಡು ಕೊಂಡು ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ತಿಂದೆ. ಫಿಲೊಮೆನಾ ಏನೂ ಕೇಳಲಿಲ್ಲ. ಸಂಜೆ ನನ್ನ ತಟ್ಟೆಗೆ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಇಡುತ್ತಿದ್ದರು. ಬೆಳಗ್ಗೆ ಅದು ಹಾಗೆಯೇ ಇರುತ್ತಿತ್ತು. ಮಂಗಳವಾರ ಬೆಳಗ್ಗೆ ಅವರು ಆ ಮುಚ್ಚಿದ ತಟ್ಟೆಯ ಎದುರು ಕೂತಿದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಒಂದು ತುತ್ತು ತೆಗೆದು ರುಚಿ ನೋಡಿದರು. ಏನು ಕೆಟ್ಟಿದೆ ಎಂದು ಹುಡುಕುತ್ತಿದ್ದರು. ಆಮೇಲೂ ನಾನು ಏನೂ ಹೇಳದೆ ಬೂಟು ಹಾಕಿಕೊಂಡು ಹೋದೆ. ಆ ದಿನದ ನನ್ನನ್ನು ನೆನೆದರೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ.

ಅವತ್ತು ಸಂಜೆ ಬೆಂಚಿನಿಂದಲೇ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನನ್ನನ್ನೇ ಬೈಯುತ್ತಾಳೆಂದು ಕಾದೆ.

"ತಿಳೀದ ಉಂಡಿ," ಎಂದಳು ಅವ್ವ. "ಅಷ್ಟಕ್ಕ ಕೊರಳಾಗಿನ ಲಿಂಗ ಎದ್ದು ಹೋಗಂಗಿಲ್ಲ. ಆದ್ರ ಬಡಿಸಿದ ಗಂಗಾಳ ಮುಟ್ಟದ ಏಳಾಕತ್ತೀಯಲ್ಲ, ಆ ಮುದುಕಿಗೆ ಏನ್ ಅನಸ್ತಿರಬೇಕು? ಬಾಯಿಬಿಟ್ಟು ಹೇಳು."

"ಹೇಳಿದ್ರ ಆಕಿ ಭಾಳ ಸಂಕಟ ಪಡ್ತಾಳಬೇ."

"ಹೇಳಲಿಲ್ಲಂದ್ರ ಈಗ ಸಂತೋಷ ಪಡಾಕತ್ತಾಳೇನು?"

ಕಾರ್ಡಿನ ನಿಮಿಷ ಮುಗಿದು ಫೋನು ಕಟ್ಟಾಯಿತು. ನಾನು ಅಲ್ಲಿಯೇ ಕೂತೆ. ಹೇಳಬೇಕೆಂಬುದು ಖಚಿತ. ಆದರೆ ಹೇಳಿದ ಮೇಲೆ ಆ ಮೇಜಿಗೆ ಮತ್ತೆ ಹೋಗಿ ಕೂರಬಲ್ಲೆನೇ? ಕೂತರೂ ಮೊದಲಿನಂತೆ ಉಣ್ಣಬಲ್ಲೆನೇ? ಒಂದೊಂದು ತುತ್ತನ್ನೂ ಸೋಸಿ ನೋಡುವ ಅತಿಥಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಗಳನ್ನು ಬಿಟ್ಟು ಬಂದ ಮೇಲೆ ಈ ದೇಶದಲ್ಲಿ ನನ್ನದು ಎಂದು ನನಗಿದ್ದುದು ಆ ಮೇಜಿನ ಮೂಲೆಯ ಕುರ್ಚಿ ಒಂದೇ. ಅದು ಹೋಗುತ್ತದೆಂದು ಹೆದರಿ ಇನ್ನೊಂದು ದಿನ ಸುಮ್ಮನಿದ್ದೆ.

ಗುರುವಾರ ಮಧ್ಯಾಹ್ನ ಬೇಗ ಮನೆಗೆ ಬಂದೆ. ಫಿಲೊಮೆನಾ ಬಾಗಿಲಲ್ಲೇ ತೋಳು ಹಿಡಿದು ಮೇಜಿಗೆ ಕರೆದೊಯ್ದು ಕೂರಿಸಿದರು. "ನಿನಗ ಜಡ್ಡಾಗೇತಿ. ನನಗ ಗೊತ್ತು. ಇವತ್ತ ನೀ ನಾ ಹೇಳಿದ್ದು ತಿಂತಿ," ಎಂದು ಎದುರಿಗೆ ಒಂದು ಬಟ್ಟಲಿಟ್ಟರು. ಬಿಳಿ ಅನ್ನ. ಅವರ ಊರಿನಲ್ಲಿ ಹೊಟ್ಟೆ ಕೆಟ್ಟವರಿಗೆ ಕೊಡುವ ಪಥ್ಯ ಅದು. ಮೂರು ತಿಂಗಳಲ್ಲಿ ಅವರು ನನಗೆ ಅನ್ನ ಮಾಡಿದ್ದು ಅದೇ ಮೊದಲು. ಅನ್ನ ಅವರಿಗೆ ಔಷಧ, ನನಗೆ ಊಟ. ಹಬೆಯಾಡುವ ಆ ಬಟ್ಟಲನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

"ಇದರಾಗ ಏನೇನ್ ಐತ್ರಿ ಆಂಟಿ?"

"ಅಕ್ಕಿ. ಉಪ್ಪು. ಎಣ್ಣಿ. ಲಿಂಬಿ."

"ಮೀನ?"

"ಜಡ್ಡಾದವರಿಗೆ ಯಾರರ ಮೀನ ಹಾಕ್ತಾರೇನವಾ?" ಎಂದು ನಕ್ಕರು. ನಾನು ನಗದೆ ಇದ್ದದ್ದು ನೋಡಿ ನಿಧಾನವಾಗಿ ಅವರ ನಗೆ ನಿಂತಿತು. ಆಗ ಹೇಳಿದೆ. ನಾನು ಮೀನನ್ನೂ ತಿನ್ನುವುದಿಲ್ಲವೆಂದು, ಹುಟ್ಟಿದಾಗಿನಿಂದ ತಿಂದಿಲ್ಲವೆಂದು, ಮೊದಲ ದಿನ ಹೇಳಲು ಮರೆತದ್ದು ನನ್ನದೇ ತಪ್ಪೆಂದು.

ಅವರು ಎದುರಿನ ಕುರ್ಚಿಯಲ್ಲಿ ಕೂತರು. ಅಳಲಿಲ್ಲ. ಸಮಜಾಯಿಷಿ ಹೇಳಲಿಲ್ಲ. ಒಂದೇ ಮಾತು ಕೇಳಿದರು: "ಅವತ್ತಿಂದ ಉಪವಾಸ ಅದೀಯೇನ?" ಬಾಳೆಹಣ್ಣು ತಿಂದೆನೆಂದೆ. "ಬಾಳಿಹಣ್ಣು," ಎಂದು ಅವರು ಹೇಳಿದ ರೀತಿಗೆ ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅನ್ನದ ಬಟ್ಟಲನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ನಾನು ಉಣ್ಣುವವರೆಗೆ ಎದುರಿಗೇ ಕೂತಿದ್ದರು.

ಶುಕ್ರವಾರ ಬೆಳಗ್ಗೆ ಒಳ್ಳೆಯ ಕೋಟು ತೊಟ್ಟು ಬಸ್ಸು ಹಿಡಿದು ಚರ್ಚಿಗೆ ಹೋದರು. ನನಗೆ ಅಂದು ರಜೆ. ಹತ್ತು ಗಂಟೆಗೆ ಮರಳಿ ಬಂದವರ ಮುಖ ಗಂಟಾಗಿತ್ತು. ಪಾದ್ರಿಯ ಬಳಿ ತಪ್ಪೊಪ್ಪಿಗೆಗೆ ಹೋಗಿದ್ದರಂತೆ.

"ಏನಂದ್ರು?" ಎಂದೆ.

"ತಿಳೀದ ಮಾಡಿದ್ದು ಪಾಪ ಅಲ್ಲ ಅಂದ್ರು. ನಾ ಅಂದೆ, ಫಾದರ್, ಹೊಟ್ಟಿ ಆಕೀದು, ನಿಮ್ಮದಲ್ಲ." ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. "ಹುಡುಗ ಪಾದ್ರಿ. ಅವಗ ಅಡಗಿ ಮಾಡಾಕ ಬರಂಗಿಲ್ಲ. ಅವಗೇನ ತಿಳೀಬೇಕು?"

ಆಮೇಲೆ ಬಾಣಲೆ, ಸೌಟು, ಪಾತ್ರೆಗಳನ್ನೆಲ್ಲ ಸಿಂಕಿಗೆ ಸುರಿದು ಉಪ್ಪು, ನಿಂಬೆ ಹಚ್ಚಿ ತಿಕ್ಕತೊಡಗಿದರು. ನಾನು ಸಹಾಯಕ್ಕೆ ಹೋದರೆ ಮೊಣಕೈಯಿಂದ ತಳ್ಳಿದರು. ಮಧ್ಯಾಹ್ನ ಮೀನಿಲ್ಲದೆ ಗೊಜ್ಜು ಮಾಡಿ ನನ್ನೆದುರು ಇಟ್ಟು ಮುಖವನ್ನೇ ನೋಡುತ್ತ ನಿಂತರು. ಹೇಳಬಾರದು, ಆದರೂ ಹೇಳುತ್ತೇನೆ: ಸಪ್ಪಗಿತ್ತು. ಮೂರು ತಿಂಗಳು ರೂಢಿಯಾದ ನಾಲಿಗೆ ಆ ಹೆಸರಿಲ್ಲದ ರುಚಿಯನ್ನು ಹುಡುಕಿತು. ಲಿಂಗ ಕಟ್ಟಿದವಳ ನಾಲಿಗೆ ಮೀನನ್ನು ಹುಡುಕುತ್ತಿದೆ ಎಂದು ತಿಳಿದಾಗ ನನಗೆ ಎಷ್ಟು ನಾಚಿಕೆಯಾಯಿತೋ ಅಷ್ಟೇ ನಗೆಯೂ ಬಂತು.

"ಸಪ್ಪಗೈತಿ," ಎಂದರು ಅವರು.

"ಇಲ್ರಿ, ಛಲೋ ಐತಿ."

"ಸುಳ್ಳ ಹೇಳಬ್ಯಾಡ. ಸಪ್ಪಗೈತಿ."

ಮತ್ತೆ ಮಾಡಿದರು. ಈರುಳ್ಳಿಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಾಡಿಸಿದರು. ಶನಿವಾರ ಆಲಿವ್ ಜಜ್ಜಿ ಹಾಕಿ ನೋಡಿದರು. ಪ್ರತಿ ಸಲವೂ ಬಾಯಿಗಿಟ್ಟು, ತಲೆ ಅಲ್ಲಾಡಿಸಿ, ತನ್ನ ಅವ್ವನ ಹತ್ತಿರ ಮಾತಾಡುವಂತೆ ಇಟಾಲಿಯನ್ನಿನಲ್ಲಿ ಏನೋ ಗೊಣಗುತ್ತಿದ್ದರು. ಎಪ್ಪತ್ತನಾಲ್ಕರ ಹೆಂಗಸು, ಹುಡುಗಿಯಾಗಿದ್ದಾಗ ಕಲಿತ ಅಡುಗೆಯನ್ನು ನನ್ನಿಂದಾಗಿ ಮರೆಯಲು ಹೆಣಗುತ್ತಿದ್ದಾರೆ. ನೋಡಲಾಗದೆ ಹೇಳಿದೆ: "ಆಂಟಿ, ನಾಳೆ ಐತವಾರ ಎಲ್ಲಾರೂ ಬರ್ತಾರ. ಅವರಿಗೆ ಮೊದಲಿನಂಗ ಮಾಡ್ರಿ. ನನಗ ಸಣ್ಣ ಗಡಗ್ಯಾಗ ಬ್ಯಾರೆ ಮಾಡಿಡ್ರಿ, ಸಾಕು."

ಅವರು ಸೌಟು ಕೆಳಗಿಟ್ಟರು. "ಬ್ಯಾರೆ ಗಡಗಿ?" ಎಂದರು. "ನನ್ನ ಮನ್ಯಾಗ? ನೀ ಏನ್ ನಾಯೇನು?"

ಆ ಮಾತು ಎದೆಗೆ ನಾಟಿತು. ಗದಗಿನ ನಮ್ಮ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಗೂಡಿತ್ತು. ಗೂಡಿನಲ್ಲಿ ಒಂದು ಲೋಟ. ಕೊಟ್ಟಿಗೆ ಬಳಿಯಲು ಬರುತ್ತಿದ್ದ ಯಲ್ಲವ್ವನಿಗೆ ಚಹಾ ಅದರಲ್ಲೇ. ಅವಳು ಕುಡಿದು, ತಾನೇ ತೊಳೆದು, ತಾನೇ ಗೂಡಿನಲ್ಲಿಟ್ಟು ಹೋಗುತ್ತಿದ್ದಳು. ಚಹಾ ಸುರಿಯುತ್ತಿದ್ದವಳು ಎಷ್ಟೋ ದಿನ ನಾನೇ, ಲೋಟಕ್ಕೆ ತಾಗದಂತೆ ಮೇಲಿನಿಂದ. ಬೇರೆ ಪಾತ್ರೆ ಎಂಬುದು ನನಗೆ ಅಷ್ಟು ಸಲೀಸು. ಅದಕ್ಕೇ ಇಲ್ಲೂ ಬಾಯಿಗೆ ತಾನಾಗಿ ಬಂದಿತ್ತು. ನಿನಗೆ ಹೇಗನಿಸುತ್ತದೆ ಎಂದು ಯಲ್ಲವ್ವನನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಭಾನುವಾರ ಎಲ್ಲರೂ ಬಂದರು. ಹನ್ನೊಂದು ಜನ. ಲವಿನಾ ಡ್ಯೂಟಿಯಲ್ಲಿದ್ದಳು. ನಾನು ನನ್ನ ಮೂಲೆಯ ಕುರ್ಚಿಯಲ್ಲಿ ಕೂತೆ. ಫಿಲೊಮೆನಾ ಒಂದೇ ಒಂದು ದೊಡ್ಡ ಬೋಗುಣಿ ತಂದು ನಡುವೆ ಇಟ್ಟರು. ಮೊದಲು ನನಗೆ ಬಡಿಸಿದರು, ಆಮೇಲೆ ಮಕ್ಕಳಿಗೆ, ಕೊನೆಗೆ ನಿನೊನಿಗೆ. ಅವನು ಇಲ್ಲೇ ಹುಟ್ಟಿದವನು, ಅಪ್ಪಟ ನ್ಯೂಜಿಲೆಂಡ್ ಇಂಗ್ಲಿಷಿನವನು. ಅವನ ಮಾತಿಗೆ ಬೆಂಗಳೂರಿನ ಕನ್ನಡವೇ ಸರಿಹೋಗುತ್ತದೆ. ಒಂದು ತುತ್ತು ಬಾಯಿಗಿಟ್ಟ. ಅಗಿಯುವುದು ನಿಲ್ಲಿಸಿದ.

"ಮಾ, ಇದರಲ್ಲಿ ಏನೋ ಕಮ್ಮಿ ಇದೆಯಲ್ಲ?"

ರೋಸಾ ಕೂಡ ತಟ್ಟೆ ನೋಡಿದಳು. ನಿನೊ ಫೋರ್ಕು ಕೆಳಗಿಟ್ಟ. ಆ ಮೀನು ಹಿಡಿದು ತಂದವನು ಅವನು. ಅವನಿಗೆ ತಿಳಿಯದೆ ಇರುತ್ತದೆಯೇ? "ಮೀನು ಹಾಕಿಲ್ಲ ನೀನು. ಯಾಕೆ? ಅಪ್ಪ ಇದ್ದಿದ್ರೆ ಇದನ್ನ ಮುಟ್ತಾನೂ ಇರಲಿಲ್ಲ."

ನನಗೆ ಎದ್ದುಹೋಗಬೇಕೆನಿಸಿತು. ನನ್ನಿಂದ, ನನ್ನಿಂದಲೇ ಎಂದು ಹೇಳಲು ಬಾಯಿ ತೆರೆದೆ. ಫಿಲೊಮೆನಾ ನನ್ನ ಕಡೆ ನೋಡಲಿಲ್ಲ. ನನ್ನ ಹೆಸರೆತ್ತಲಿಲ್ಲ. ಮೇಜಿನ ಸುತ್ತ ಕೂತ ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡುತ್ತ ಬಂದರು. ಮಗ, ಸೊಸೆ, ಮಗಳು, ಅಳಿಯ, ಮೊಮ್ಮಕ್ಕಳು, ಕೊನೆಗೆ ಮೂಲೆಯಲ್ಲಿ ನಾನು.

"ಎಲ್ಲಾರೂ ಅದೀರಿ," ಎಂದರು. "ಏನ್ ಕಮ್ಮಿ ಐತಿ? ಉಣ್ರಿ."

ನಿನೊ ಅವ್ವನನ್ನು ನೋಡಿದ. ನನ್ನನ್ನು ನೋಡಿದ. ಆ ವಾರ ನಾನು ಮುಟ್ಟದೆ ಬಿಟ್ಟ ತಟ್ಟೆಗಳ ಸುದ್ದಿ ಅವನ ಕಿವಿಗೂ ಬಿದ್ದಿತ್ತೇನೋ. ಫೋರ್ಕು ಎತ್ತಿಕೊಂಡು ತಟ್ಟೆ ಖಾಲಿ ಮಾಡಿದ, ಬ್ರೆಡ್ಡು ಮುರಿದು ಒರೆಸಿಯೂ ತಿಂದ. ಆಮೇಲೆ ಬೋಗುಣಿಯನ್ನು ನನ್ನ ಕಡೆ ಸರಿಸಿದ.

ನಾನು ಇನ್ನೊಮ್ಮೆ ಬಡಿಸಿಕೊಂಡೆ. ಕಣ್ಣೀರು ತಟ್ಟೆಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊಟ್ಟೆ ತುಂಬ ಉಂಡೆ.